ಕೊಲೆ ಇಲ್ಲ, ಪೊಲೀಸರಿಲ್ಲ: ಜಪಾನಿನ ಹೈಸ್ಕೂಲ್ ಪತ್ತೇದಾರಿ ಕಾದಂಬರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಾದಂಬರಿಗಳ ಬಗ್ಗೆ ಗೆಳೆಯರಿಗೆ ಹೇಳಿದಾಗೆಲ್ಲ ಅವೇ ಪ್ರಶ್ನೆಗಳು ಬರುತ್ತವೆ, ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಒಗಟುಗಳನ್ನು ಹೇಳಿದ್ದೇನೆ, ಆದರೆ ಯಾವ ಒಗಟಿನ ಉತ್ತರವನ್ನೂ ಬಿಟ್ಟುಕೊಟ್ಟಿಲ್ಲ. ಧೈರ್ಯವಾಗಿ ಓದಿ.

ಕೊಲೆಯೇ ಇಲ್ಲದ ಪತ್ತೇದಾರಿ ಕಾದಂಬರಿ ಅಂದ್ರೆ ಏನು?

ಒಂದು ಶಾಲೆಯ ಲೈಬ್ರರಿ. ಅಲ್ಲೊಂದು ದಪ್ಪ ಪುಸ್ತಕ, ಆ ಶಾಲೆಯದೇ ಇತಿಹಾಸ. ಯಾರೂ ಇಷ್ಟಪಟ್ಟು ಓದುವಂಥದ್ದಲ್ಲ. ಆದರೂ ಪ್ರತಿ ಶುಕ್ರವಾರ ಮಧ್ಯಾಹ್ನ ಒಬ್ಬ ಹುಡುಗಿ ಬಂದು ಅದನ್ನು ತೆಗೆದುಕೊಂಡು ಹೋಗುತ್ತಾಳೆ, ಅವತ್ತೇ ಸಂಜೆ ವಾಪಸ್ ಕೊಡುತ್ತಾಳೆ. ಪ್ರತಿ ವಾರ ಬರುವ ಹುಡುಗಿ ಬೇರೆ, ಪುಸ್ತಕ ಮಾತ್ರ ಅದೇ. ಯಾಕೆ?

ಇಷ್ಟೇ ಒಗಟು. ಯಾರೂ ಸತ್ತಿಲ್ಲ, ಯಾರಿಗೂ ನಷ್ಟವಾಗಿಲ್ಲ, ಕೇಳದೆ ಬಿಟ್ಟರೂ ಯಾರಿಗೂ ಏನೂ ಆಗುವುದಿಲ್ಲ. ಆದರೆ ಒಮ್ಮೆ ಕೇಳಿದ ಮೇಲೆ ಬಿಡಲು ಆಗುವುದಿಲ್ಲ, ಅಲ್ವಾ? ಜಪಾನಿನಲ್ಲಿ ಇಂಥ ಕಥೆಗಳಿಗೆ ‘ನಿಚಿಜೋ ನೊ ನಾಜೊ’ ಎನ್ನುತ್ತಾರೆ, ಅಂದರೆ ದಿನನಿತ್ಯದ ಒಗಟು. ಮೇಲೆ ಹೇಳಿದ್ದು ಹೊನೊಬು ಯೊನೆಜಾವಾ ಅವರ ‘ಹ್ಯೋಕಾ’ ಕಾದಂಬರಿಯಲ್ಲಿ ಬರುತ್ತದೆ. ಅದು 2001ರಲ್ಲಿ ಬಂದ ಅವರ ಮೊದಲ ಪುಸ್ತಕ, ಹೈಸ್ಕೂಲ್ ಹಿನ್ನೆಲೆಯ ಇಂಥ ಕಥೆಗಳ ಮಾತು ಬಂದರೆ ಎಲ್ಲರ ಬಾಯಿಗೂ ಮೊದಲು ಬರುವ ಹೆಸರೂ ಅದೇ.

ಇದು ಯೊನೆಜಾವಾ ಅವರೇ ಶುರು ಮಾಡಿದ್ದಾ?

ಅಲ್ಲ. ಈ ದಾರಿ ತೆರೆದವರು ಕವೊರು ಕಿತಾಮುರಾ. 1989ರಲ್ಲಿ ಬಂದ ಅವರ ‘ಸೊರಾ ತೊಬು ಉಮಾ’ ಕಥಾಸಂಕಲನವೇ ಈ ಬಗೆಯ ಮೂಲ ಅಂತ ಜಪಾನಿನ ಓದುಗರು ಹೇಳುತ್ತಾರೆ. ಅದರಲ್ಲಿ ಕಥೆ ಹೇಳುವವಳು ಸಾಹಿತ್ಯ ಓದುತ್ತಿರುವ ಕಾಲೇಜು ಹುಡುಗಿ. ಒಗಟು ಬಿಡಿಸುವವನು ರಾಕುಗೊ ಕಲಾವಿದ, ಅಂದರೆ ವೇದಿಕೆಯ ಮೇಲೆ ಒಬ್ಬನೇ ಕೂತು ಎಲ್ಲ ಪಾತ್ರಗಳನ್ನೂ ತಾನೇ ಆಡಿ ಕಥೆ ಹೇಳುವವನು. ಅದರಲ್ಲೊಂದು ಹೆಸರುವಾಸಿ ಕಥೆ ಇದೆ: ಟೀ ಅಂಗಡಿಯಲ್ಲಿ ಮೂವರು ಹುಡುಗಿಯರು ಕೂತಿದ್ದಾರೆ, ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಕಪ್ಪಿಗೆ ಸಕ್ಕರೆ ಸುರಿಯುತ್ತಲೇ ಇದ್ದಾರೆ, ಪಂದ್ಯ ಕಟ್ಟಿದವರ ಹಾಗೆ. ಪಕ್ಕದ ಟೇಬಲ್‌ನಲ್ಲಿ ಕೂತವಳು ಅದನ್ನು ನೋಡುತ್ತಾಳೆ. ಕಥೆ ಅಲ್ಲಿಂದ ಹುಟ್ಟುತ್ತದೆ.

ಕಿತಾಮುರಾ ಆಗ ಸೈತಾಮಾ ಪ್ರಾಂತ್ಯದಲ್ಲಿ ಹೈಸ್ಕೂಲ್ ಮೇಷ್ಟ್ರು. ಮೊದಮೊದಲು ತಾವು ಯಾರೆಂದು ಹೇಳದೆಯೇ ಬರೆದರು. ಇದನ್ನು ಬರೆದದ್ದು ನಿಜವಾಗಿಯೂ ಕಾಲೇಜು ಹುಡುಗಿಯೇ ಇರಬೇಕು ಅಂತ ಓದುಗರು ಅಂದುಕೊಂಡಿದ್ದರು. 2009ರಲ್ಲಿ ಅವರಿಗೆ ನಾವೊಕಿ ಪ್ರಶಸ್ತಿ ಬಂತು, ಜಪಾನಿನಲ್ಲಿ ಅದು ಬಹಳ ದೊಡ್ಡ ಮರ್ಯಾದೆ. ಯೊನೆಜಾವಾ ಕಾಲೇಜಿನಲ್ಲಿದ್ದಾಗ ಕಿತಾಮುರಾ ಅವರನ್ನು ಓದಿ ಈ ಕಡೆ ತಿರುಗಿದವರು. ಅವರಿಗೂ 2022ರಲ್ಲಿ ಅದೇ ಪ್ರಶಸ್ತಿ ಬಂತು, ಆದರೆ ಅದು ಶಾಲೆಯ ಕಥೆಗಲ್ಲ, ಸಮುರಾಯ್ ಕಾಲದ ಕೋಟೆಯೊಂದರಲ್ಲಿ ನಡೆಯುವ ಕಾದಂಬರಿಗೆ.

ಕಾಲೇಜು, ಆಫೀಸು ಎಲ್ಲ ಬಿಟ್ಟು ಹೈಸ್ಕೂಲೇ ಯಾಕೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಮೊದಲನೆಯದು, ಶಾಲೆ ಅಂದರೆ ಗೆರೆ ಎಳೆದಿಟ್ಟ ಜಾಗ. ಎಷ್ಟು ಗಂಟೆಗೆ ಗೇಟ್ ತೆರೆಯುತ್ತದೆ, ಯಾವ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ, ಯಾವ ಪೀರಿಯಡ್‌ನಲ್ಲಿ ಯಾವ ಕ್ಲಾಸು ಎಲ್ಲಿರುತ್ತದೆ, ಎಲ್ಲವೂ ಮೊದಲೇ ಗೊತ್ತು. ಪತ್ತೇದಾರಿ ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ನಿಯಮ ಇದ್ದ ಕಡೆ ಮಾತ್ರ ನಿಯಮ ತಪ್ಪಿದ್ದು ಕಣ್ಣಿಗೆ ಬೀಳುತ್ತದೆ. ಬೀದಿಯಲ್ಲಿ ಯಾರೋ ಓಡಿದರೆ ಅದರಲ್ಲೇನೂ ಇಲ್ಲ, ಕ್ಲಾಸು ನಡೆಯುವಾಗ ಕಾರಿಡಾರ್‌ನಲ್ಲಿ ಯಾರೋ ಓಡಿದರೆ ಅದೇ ಒಂದು ಸುಳಿವು.

ಎರಡನೆಯದು, ಜಪಾನಿನ ಹೈಸ್ಕೂಲಿನಲ್ಲಿ ಕ್ಲಬ್ ಅನ್ನುವುದು ಬದುಕಿನ ಅರ್ಧ ಭಾಗ. ಪಾಠ ಮುಗಿದ ಮೇಲೆ ಮಕ್ಕಳು ಮನೆಗೆ ಓಡುವುದಿಲ್ಲ, ಕ್ಲಬ್ ಕೋಣೆಗೆ ಹೋಗುತ್ತಾರೆ. ಪ್ರತಿ ಕ್ಲಬ್‌ಗೂ ತನ್ನದೇ ಹಳೆಯ ದಾಖಲೆ, ತನ್ನದೇ ಜಗಳ, ಹಿಂದಿನ ಬ್ಯಾಚಿನವರು ಬಿಟ್ಟುಹೋದ ವಸ್ತುಗಳು. ವರ್ಷಕ್ಕೊಮ್ಮೆ ಶಾಲೆಯ ಹಬ್ಬ ಬೇರೆ. ‘ಹ್ಯೋಕಾ’ದ ಮಕ್ಕಳು ಸೇರಿರುವುದು ಸದಸ್ಯರಿಲ್ಲದೆ ಮುಚ್ಚಿಹೋಗಬೇಕಿದ್ದ ಹಳೆಯ ಸಾಹಿತ್ಯದ ಕ್ಲಬ್‌ಗೆ. ಆ ಕ್ಲಬ್‌ನ ಹಳೆಯ ವಾರ್ಷಿಕ ಸಂಚಿಕೆಗಳಲ್ಲೇ ದೊಡ್ಡ ಒಗಟು ಅಡಗಿದೆ.

ಮೂರನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಇಲ್ಲಿ ಒಗಟು ಬಿಡಿಸುವವರಿಗೆ ಯಾವ ಅಧಿಕಾರವೂ ಇಲ್ಲ. ಪೊಲೀಸ್ ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿ ಪ್ರಶ್ನೆ ಕೇಳಬಹುದು, ಕೊನೆಯಲ್ಲಿ ಕೈಕೋಳ ಹಾಕಬಹುದು, ಅಲ್ಲಿಗೆ ಮುಗಿಯಿತು. 16 ವರ್ಷದ ಹುಡುಗನಿಗೆ ಅದ್ಯಾವುದೂ ಆಗುವುದಿಲ್ಲ. ಅವನು ಸತ್ಯ ಕಂಡುಹಿಡಿದ ಮೇಲೂ ಮರುದಿನ ಅದೇ ಕ್ಲಾಸಿನಲ್ಲಿ, ಅದೇ ಜನರ ಪಕ್ಕದಲ್ಲೇ ಕೂರಬೇಕು. ಗೊತ್ತಾದದ್ದನ್ನು ಹೇಳಬೇಕಾ? ಯಾರಿಗೆ ಹೇಳಬೇಕು? ಕೇಳುವ ಹಕ್ಕಾದರೂ ನನಗಿತ್ತಾ? ಈ ಕಾದಂಬರಿಗಳ ನಿಜವಾದ ಬಿಗಿ ಇರುವುದು ಇಲ್ಲಿ.

ಜಪಾನಿನ ಹೈಸ್ಕೂಲ್ ಅಂದ್ರೆ ನಮ್ಮ ಹೈಸ್ಕೂಲ್ ತರಹವೇನಾ?

ಪೂರ್ತಿ ಅಲ್ಲ. ಅಲ್ಲಿ ಹೈಸ್ಕೂಲ್ ಮೂರು ವರ್ಷ, ವಯಸ್ಸು 15ರಿಂದ 18. ನಮ್ಮ ಹತ್ತನೇ ಕ್ಲಾಸು ಮತ್ತು ಎರಡು ವರ್ಷದ ಪಿಯುಸಿ ಸೇರಿಸಿದರೆ ಸರಿಹೋಗುತ್ತದೆ. ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಆದ್ದರಿಂದ ಎಷ್ಟೋ ಕಥೆಗಳು ಏಪ್ರಿಲ್‌ನಲ್ಲೇ ತೆರೆದುಕೊಳ್ಳುತ್ತವೆ.

ಇಷ್ಟು ಸಣ್ಣ ವಿಷಯಗಳು! ಇದನ್ನೆಲ್ಲ ಓದಿ ಏನು ಸಿಗುತ್ತೆ?

ಸಿಗುವುದು ಏನು ಅಂತ ನೇರವಾಗಿ ಹೇಳುವುದಕ್ಕಿಂತ ನನಗೆ ತುಂಬಾ ಹಿಡಿಸಿದ ಒಂದು ಕಥೆಯನ್ನೇ ಹೇಳುತ್ತೇನೆ. ಯೊನೆಜಾವಾ ಅವರದ್ದೇ, ‘ಹ್ಯೋಕಾ’ ಸರಣಿಯ 2016ರ ಪುಸ್ತಕದಲ್ಲಿದೆ.

ಸಂಜೆ ಕ್ಲಬ್ ಕೋಣೆಯಲ್ಲಿ ಹುಡುಗರು ಸುಮ್ನೆ ಕೂತಿದ್ದಾರೆ. ಹೊರಗೆ ಹೆಲಿಕಾಪ್ಟರ್ ಸದ್ದು ಕೇಳುತ್ತದೆ. ಸರಣಿಯಲ್ಲಿ ಒಗಟು ಬಿಡಿಸುವ ಹುಡುಗ ಹೋತಾರೊ ಒರೆಕಿಗೆ ಹಿಂದಿನ ಶಾಲೆಯ ಮೇಷ್ಟ್ರೊಬ್ಬರು ನೆನಪಾಗುತ್ತಾರೆ. ಅವರಿಗೆ ಹೆಲಿಕಾಪ್ಟರ್ ಅಂದ್ರೆ ಇಷ್ಟ, ಒಮ್ಮೆ ಸದ್ದು ಕೇಳಿ ಪಾಠ ನಿಲ್ಲಿಸಿ ಕಿಟಕಿಗೆ ಓಡಿದ್ದರು ಅನ್ನುತ್ತಾನೆ. ಆದರೆ ಅದೇ ಶಾಲೆಯಲ್ಲಿದ್ದ ಗೆಳೆಯರಿಗೆ ಹಾಗೆ ಅನ್ನಿಸಿಯೇ ಇಲ್ಲ. ಬೇರೆ ದಿನಗಳಲ್ಲಿ ಎಷ್ಟೋ ಹೆಲಿಕಾಪ್ಟರ್ ಹಾರಿಹೋದರೂ ಆ ಮೇಷ್ಟ್ರು ತಲೆ ಎತ್ತಿದವರಲ್ಲ. ಹಾಗಾದರೆ ಅವತ್ತೊಂದು ದಿನ ಮಾತ್ರ ಯಾಕೆ?

ಹೋತಾರೊ ಸ್ವಭಾವದಲ್ಲಿ ಬೇಡದ ಕೆಲಸಕ್ಕೆ ಕೈಹಾಕದವನು. ಅವತ್ತು ಮಾತ್ರ ಎದ್ದು ಊರಿನ ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆಗಳನ್ನು ತೆಗೆಸಿ ನೋಡುತ್ತಾನೆ. ಆ ಮೇಷ್ಟ್ರನ್ನು ಅವನು ಇನ್ನು ಮುಂದೆ ಭೇಟಿಯಾಗುವುದೂ ಅನುಮಾನವೇ. ಯಾಕೆ ಇಷ್ಟು ಕಷ್ಟಪಟ್ಟೆ ಅಂತ ಜೊತೆಗೆ ಬಂದ ಹುಡುಗಿ ಕೇಳುತ್ತಾಳೆ. ಅವನು ಕೊಡುವ ಕಾರಣದ ತಿರುಳು ಇಷ್ಟು: ಒಬ್ಬ ಮನುಷ್ಯನ ಬಗ್ಗೆ ಏನೂ ತಿಳಿಯದೆ ಹಗುರವಾಗಿ ಮಾತಾಡಿಕೊಂಡು ಓಡಾಡುವುದು ಸರಿಯಲ್ಲ.

ಆ ಕಥೆ ಓದಿದ ಮೇಲೆ ನನ್ನ ಶಾಲೆಯ ಮೇಷ್ಟ್ರುಗಳೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅಡ್ಡಹೆಸರಿಟ್ಟು ಕರೆಯುತ್ತಿದ್ದೆವು. ಅವರು ಯಾಕೆ ಹಾಗೆ ನಡೆಯುತ್ತಿದ್ದರು, ಯಾಕೆ ಕೆಲವು ದಿನ ಪಾಠವನ್ನೇ ಮಾಡದೆ ಕಿಟಕಿ ಹತ್ತಿರ ನಿಲ್ಲುತ್ತಿದ್ದರು, ಯಾರೂ ಕೇಳಲಿಲ್ಲ. ಕೊಲೆಯ ಕಾದಂಬರಿ ಮುಗಿಸಿದಾಗ ಕೊಲೆಗಾರ ಯಾರೆಂದು ಗೊತ್ತಾಗುತ್ತದೆ, ಪುಸ್ತಕ ಮುಚ್ಚುತ್ತೇವೆ. ಇಂಥ ಕಥೆ ಮುಗಿಸಿದಾಗ ನಮಗೆ ಗೊತ್ತಿರುವ ಜನರ ಕಡೆಗೇ ಕಣ್ಣು ಹೋಗುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ಆಫೀಸಿನಲ್ಲಿ ಯಾರ ಜೊತೆಯೂ ಊಟಕ್ಕೆ ಬರದವರು, ಎಲ್ಲರಿಗೂ ಏನೋ ಒಂದು ಕಾರಣ ಇದ್ದೇ ಇರುತ್ತದೆ.

ಸುಳಿವು, ತರ್ಕ ಎಲ್ಲ ಗಟ್ಟಿಯಾಗಿರುತ್ತಾ? ಅಥವಾ ಬರೀ ಭಾವನೆಯಾ?

ಗಟ್ಟಿಯಾಗಿಯೇ ಇರುತ್ತದೆ. ಅದಿಲ್ಲದಿದ್ದರೆ ಇದು ಸುಮ್ನೆ ಶಾಲಾದಿನಗಳ ಕಥೆ ಆಗಿಬಿಡುತ್ತಿತ್ತು.

ಯೊನೆಜಾವಾ ಅವರ ಇನ್ನೊಂದು ಸರಣಿ ‘ಶೋಶಿಮಿನ್’. 2004ರಲ್ಲಿ ಶುರುವಾದದ್ದು. ಅದರಲ್ಲಿ ಒಬ್ಬ ಹುಡುಗ ಮನೆಗೆ ಬಂದ ಗೆಳೆಯರಿಗೆ ಬಿಸಿ ಹಾಲಿನ ಕೋಕೋ ಮಾಡಿಕೊಡುತ್ತಾನೆ, ಒಟ್ಟು ಮೂರು ಕಪ್. ಅವನು ಹೋದ ಮೇಲೆ ಅಡುಗೆಮನೆ ನೋಡಿದರೆ ಸಿಂಕ್ ಒಣಗಿದೆ. ಹಾಲು ಕಾಯಿಸಿದ ಪಾತ್ರೆ ತೊಳೆದ ಗುರುತೇ ಇಲ್ಲ. ಹಾಗಾದರೆ ಹಾಲು ಹೇಗೆ ಬಿಸಿಯಾಯಿತು? ಅಷ್ಟೇ ಪ್ರಶ್ನೆ, ಇಡೀ ಕಥೆ ಅದರ ಮೇಲೇ ನಿಂತಿದೆ. ಒಂದೊಂದೇ ದಾರಿ ಮುಚ್ಚುತ್ತಾ ಬರುತ್ತಾರೆ. ಮುಚ್ಚಿದ ಕೋಣೆಯ ಕೊಲೆಯನ್ನು ಬಿಡಿಸುವಾಗ ಇರುವಷ್ಟೇ ಶಿಸ್ತು ಇಲ್ಲೂ ಇದೆ.

ಈ ಲೇಖಕರೆಲ್ಲ ಹಳೆಯ ಇಂಗ್ಲಿಷ್ ಪತ್ತೇದಾರಿ ಸಾಹಿತ್ಯವನ್ನು ಅರೆದು ಕುಡಿದವರು. ಹ್ಯಾರಿ ಕೆಮೆಲ್‌ಮನ್ ಅನ್ನುವ ಅಮೆರಿಕನ್ ಲೇಖಕ 1947ರಲ್ಲಿ ಒಂದು ಕಥೆ ಬರೆದರು. ಅದರಲ್ಲಿ ಇಂಗ್ಲಿಷಿನ 11 ಪದಗಳ ಒಂದೇ ವಾಕ್ಯ ಹಿಡಿದು ತರ್ಕ ಮಾಡುತ್ತಾ ಹೋದವನು ಒಂದು ಕೊಲೆಗೆ ಬಂದು ಮುಟ್ಟುತ್ತಾನೆ. ಯೊನೆಜಾವಾ ಅದಕ್ಕೆ ಗೌರವ ಸಲ್ಲಿಸುವ ಹಾಗೆ ಒಂದು ಕಥೆ ಬರೆದಿದ್ದಾರೆ. ಇಲ್ಲಿ ಆ ವಾಕ್ಯದ ಜಾಗದಲ್ಲಿ ಶಾಲೆಯ ಮೈಕಿನಲ್ಲಿ ಬಂದ ಪ್ರಕಟಣೆ: ಇಂಥ ಅಂಗಡಿಯಲ್ಲಿ ಇಂಥ ದಿನ ಏನಾದರೂ ಕೊಂಡವರು ಇದ್ದರೆ ಟೀಚರ್ ಹತ್ತಿರ ಬನ್ನಿ ಅಂತ. ದಿನಾ ಕೇಳುವಂಥ ಮಾತು. ಅದರ ಒಂದೊಂದು ಪದವನ್ನೂ ತಿರುಗಿಸಿ ನೋಡುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಅನ್ನುವುದು ಓದಿಯೇ ತಿಳಿಯಬೇಕು.

‘ಹ್ಯೋಕಾ’ ಸರಣಿಯ ಮೂರನೇ ಪುಸ್ತಕ, 2005ರದ್ದು, ಪೂರ್ತಿ ಶಾಲೆಯ ಹಬ್ಬದಲ್ಲಿ ನಡೆಯುತ್ತದೆ. ಯಾರೋ ಒಬ್ಬೊಬ್ಬರ ಕ್ಲಬ್‌ನಿಂದ ಸಣ್ಣ ಸಣ್ಣ ವಸ್ತು ಕದಿಯುತ್ತಿದ್ದಾರೆ, ಅದೂ ಜಪಾನಿ ಅಕ್ಷರಮಾಲೆಯ ಕ್ರಮದಲ್ಲಿ: ಅ, ಇ, ಉ, ಎ, ಒ. ಪಾತ್ರಗಳೇ ಅಗಾಥಾ ಕ್ರಿಸ್ಟಿಯ ಅಕ್ಷರಕ್ರಮದ ಕೊಲೆಗಳನ್ನು ನೆನೆಯುತ್ತವೆ. ಈ ಕ್ರಮ ನಮ್ಮ ವರ್ಣಮಾಲೆಯ ಹಾಗೇ ಇದೆಯಲ್ಲ ಅನ್ನಿಸಿದರೆ ಅದು ಆಕಸ್ಮಿಕವಲ್ಲ. ಮೊದಲು ಸ್ವರ, ಆಮೇಲೆ ಕ, ಸ, ತ, ನ ಅಂತ ಹೋಗುವ ಅವರ ಜೋಡಣೆಗೆ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ಸಂಸ್ಕೃತದ ಅಕ್ಷರಪಾಠದ ಪ್ರಭಾವ ಇದೆ. ಇಂಗ್ಲಿಷ್ ಓದುಗರಿಗೆ ವಿವರಿಸಬೇಕಾದ ಆ ಸುಳಿವು ನಮಗೆ ಬೇಗ ಹೊಳೆಯುತ್ತದೆ!

ಹದಿಹರೆಯದ ಮಕ್ಕಳ ಕಥೆ, ದೊಡ್ಡವರು ಓದಬಹುದಾ?

ದೊಡ್ಡವರೇ ಓದಬೇಕು ಅಂತ ನನಗೆ ಅನ್ನಿಸುತ್ತದೆ.

ಮೊದಲ ಪುಸ್ತಕದ ಮುಖ್ಯ ಒಗಟು 33 ವರ್ಷ ಹಳೆಯದು. ಎರು ಚಿತಾಂಡಾ ಅನ್ನುವ ಹುಡುಗಿಗೆ ಮಾವನೊಬ್ಬ ಇದ್ದ, ಅವನೂ ಅದೇ ಶಾಲೆಯಲ್ಲಿ, ಅದೇ ಕ್ಲಬ್‌ನಲ್ಲಿದ್ದ. ಪುಟ್ಟ ಹುಡುಗಿಯಾಗಿದ್ದಾಗ ಅವನನ್ನು ಏನೋ ಕೇಳಿದಳು, ಅವನು ಕೊಟ್ಟ ಉತ್ತರಕ್ಕೆ ಅತ್ತುಬಿಟ್ಟಳು. ಏನು ಕೇಳಿದೆ, ಯಾಕೆ ಅತ್ತೆ ಅನ್ನುವುದೇ ಈಗ ನೆನಪಿಲ್ಲ. ಅದನ್ನು ಹುಡುಕುತ್ತಾ ಹೋದರೆ 1967ಕ್ಕೆ ಬರುತ್ತೇವೆ, ಜಪಾನಿನಲ್ಲಿ ವಿದ್ಯಾರ್ಥಿ ಚಳವಳಿಗಳು ಬಿಸಿಯಾಗಿದ್ದ ಕಾಲಕ್ಕೆ. ಅಲ್ಲಿ ಸಿಗುವ ಸತ್ಯ ಸಿಹಿಯಲ್ಲ. ಎಲ್ಲರೂ ಹೀರೋ ಅಂತ ಹೊಗಳಿದ ಒಬ್ಬ ಹುಡುಗನಿಗೆ ಆ ಹೊಗಳಿಕೆ ಬೇಕಿತ್ತಾ ಅಂತ ಕೇಳುವ ಕಥೆ ಅದು. ಇವತ್ತು ಯಾವುದೇ ಗುಂಪಿನಲ್ಲಿ ಇದ್ದವರಿಗೆ, ಗುಂಪಿನ ಪರವಾಗಿ ಒಬ್ಬರು ಬಲಿಯಾಗುವುದನ್ನು ಕಂಡವರಿಗೆ, ಅದು ನಾಟದೆ ಇರುವುದಿಲ್ಲ.

‘ಹ್ಯೋಕಾ’ದ ಅನಿಮೆಯಲ್ಲಿ, ಅಂದರೆ ಜಪಾನಿನ ಅನಿಮೇಶನ್ ಸರಣಿಯಲ್ಲಿ, ಕಥೆಯನ್ನು 2012ಕ್ಕೆ ತಂದಿದ್ದಾರೆ, ಹಾಗಾಗಿ ಅಲ್ಲಿ 33ರ ಬದಲು 45 ವರ್ಷ ಅನ್ನುತ್ತಾರೆ. ಲೆಕ್ಕ ಹಾಕಿದರೆ ಎರಡೂ ಮುಟ್ಟುವುದು 1967ಕ್ಕೇ. ಆ ವರ್ಷವನ್ನು ಬದಲಾಯಿಸಲು ಆಗುವುದಿಲ್ಲ, ಕಥೆಯ ಬೇರು ಅಲ್ಲೇ ಇದೆ.

ಪತ್ತೇದಾರ ಹುಡುಗ ಯಾವಾಗಲೂ ಆಸಕ್ತಿಯೇ ಇಲ್ಲದವನ ಹಾಗೆ ಇರುತ್ತಾನಲ್ಲ, ಯಾಕೆ?

ಹೋತಾರೊ ಶಕ್ತಿ ಉಳಿಸುವವನು, ಒಪ್ಪುತ್ತೇನೆ. ‘ಶೋಶಿಮಿನ್’ನ ಕೊಬಾತೊ ಇನ್ನೂ ವಿಚಿತ್ರ: ಅವನಿಗೆ ಒಗಟು ಬಿಡಿಸುವ ಚಟ ಇದೆ, ಆದರೆ ಬಿಟ್ಟುಬಿಡಬೇಕು ಅಂತ ನಿರ್ಧರಿಸಿದ್ದಾನೆ. ಹಿಂದೆ ಅದರಿಂದಲೇ ಜನರ ಕೈಲಿ ಬೇಸರದ ಮಾತು ಕೇಳಿದ್ದಾನೆ. ಒಸನಾಯ್ ಅನ್ನುವ ಗೆಳತಿಯ ಜೊತೆ ಸೇರಿ ಯಾರ ಕಣ್ಣಿಗೂ ಬೀಳದ ಸಾಮಾನ್ಯರಾಗಿ ಬದುಕೋಣ ಅಂತ ಒಪ್ಪಂದ ಮಾಡಿಕೊಂಡಿದ್ದಾನೆ. ಅವಳಿಗೆ ಸಿಹಿತಿಂಡಿ ಅಂದ್ರೆ ಪ್ರಾಣ. ಅವಳೂ ಏನನ್ನೋ ಬಿಡಲು ನೋಡುತ್ತಿದ್ದಾಳೆ, ಅದೇನೆಂದು ಹೇಳಿದರೆ ನಿಮ್ಮ ಖುಷಿ ಹಾಳಾಗುತ್ತದೆ.

ಈ ಹಿಂಜರಿಕೆ ಸ್ಟೈಲಿಗಲ್ಲ. ಬುದ್ಧಿವಂತಿಕೆ ತೋರಿಸಿದರೆ ಯಾರಿಗಾದರೂ ನೋವಾಗುತ್ತದೆ ಅಂತ ಗೊತ್ತಿರುವವರು ಇವರು. ಇದರ ಇನ್ನೊಂದು ಮುಖವೂ ಇದೆ, ಅದು ನನಗೆ ಜಾಸ್ತಿ ಹತ್ತಿರ. ಹೋತಾರೊನ ಗೆಳೆಯ ಸಾತೊಶಿಗೆ ಸಾವಿರ ವಿಷಯ ಗೊತ್ತು, ಆದರೆ ಅವನ್ನು ಜೋಡಿಸಿ ಉತ್ತರ ಹೇಳಲು ಬರುವುದಿಲ್ಲ. ಶಾಲೆಯ ಹಬ್ಬದಲ್ಲಿ ಈ ಸಲವಾದರೂ ತಾನೇ ಬಿಡಿಸಬೇಕು ಅಂತ ಹೊರಡುತ್ತಾನೆ. ಪಕ್ಕದಲ್ಲೇ ಪ್ರತಿಭೆ ಇರುವವನು ಕೂತಿದ್ದರೆ, ಅದು ನಮಗಿಲ್ಲ ಅಂತ ಗೊತ್ತಿದ್ದರೆ, ಹೇಗಿರುತ್ತದೆ? ಯಾವ ಹೋಮ್ಸ್ ಕಥೆಯೂ ವಾಟ್ಸನ್‌ನ ಈ ನೋವನ್ನು ಇಷ್ಟು ಹತ್ತಿರದಿಂದ ನೋಡಿದ್ದು ನನಗೆ ನೆನಪಿಲ್ಲ.

ಪ್ರೀತಿಗೀತಿ ಇದೆಯಾ?

ಇದೆ, ತುಂಬಾ ನಿಧಾನ. ಅವಸರ ಇರುವವರಿಗೆ ಕಷ್ಟ. ಆದರೆ ಚಿತಾಂಡಾ ಹಳೆಯ ಜಮೀನ್ದಾರ ಮನೆಯ ಹುಡುಗಿ, ಊರು ಬಿಟ್ಟು ಹೋಗುವಂತಿಲ್ಲ ಅನ್ನುವ ಭಾರ ಅವಳ ಮೇಲಿದೆ. ಹಾಗಾಗಿ ಪ್ರೀತಿಯ ಜೊತೆಗೆ ನೆಲ, ಮನೆತನ, ಮುಂದೇನು ಅನ್ನುವ ಪ್ರಶ್ನೆಗಳೂ ಸೇರಿಕೊಳ್ಳುತ್ತವೆ.

ಕಥೆಯ ಊರು ನಿಜವಾಗಿಯೂ ಇದೆಯಾ?

‘ಹ್ಯೋಕಾ’ ನಡೆಯುವ ಕಾಮಿಯಾಮಾ ಕಲ್ಪನೆಯ ಊರು, ಆದರೆ ಮಾದರಿ ಗಿಫು ಪ್ರಾಂತ್ಯದ ತಕಾಯಾಮಾ. ಸುತ್ತ ಬೆಟ್ಟ, ಹಳೆಯ ಮರದ ಮನೆಗಳ ಬೀದಿ. ಯೊನೆಜಾವಾ ಹುಟ್ಟಿದ್ದು ಅದೇ ಪ್ರಾಂತ್ಯದಲ್ಲಿ, 1978ರಲ್ಲಿ. ಹೈಸ್ಕೂಲ್ ಓದಿದ್ದು ತಕಾಯಾಮಾದಲ್ಲಿ, ಕಾಲೇಜು ಮುಗಿಸಿ ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಬರೆದದ್ದೂ ಅಲ್ಲೇ. ಸರಣಿಯಲ್ಲಿ ಬರುವ ಜೀವಂತ ಬೊಂಬೆಗಳ ಮೆರವಣಿಗೆ ನಿಜವಾದ ಹಬ್ಬ. ಏಪ್ರಿಲ್ ಮೊದಲ ವಾರ ಅಲ್ಲಿನ ಮಿನಾಶಿ ದೇವಾಲಯದಲ್ಲಿ ನಡೆಯುತ್ತದೆ, ಹೆಣ್ಣುಮಕ್ಕಳು ಬೊಂಬೆಗಳಂತೆ ಅಲಂಕಾರ ಮಾಡಿಕೊಂಡು ನಡೆಯುತ್ತಾರೆ.

‘ಹ್ಯೋಕಾ’ ಮುಗಿಸಿದೆ. ಮುಂದೇನು?

ಯೊನೆಜಾವಾ ಅವರನ್ನೇ ಮುಂದುವರಿಸುವುದಾದರೆ ‘ಶೋಶಿಮಿನ್’, ಇದರಲ್ಲಿ ಕಹಿ ಸ್ವಲ್ಪ ಜಾಸ್ತಿ. ಕಾಲಗಳ ಹೆಸರಿನ ನಾಲ್ಕು ಕಾದಂಬರಿಗಳಲ್ಲಿ ಕೊನೆಯದಾದ ಚಳಿಗಾಲದ್ದು 2024ರಲ್ಲಿ ಬಂತು, ಅದೇ ವರ್ಷ ಅನಿಮೆಯೂ ಶುರುವಾಯಿತು. ಲೈಬ್ರರಿಯಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರ ಕಥೆಗಳೂ ಅವರದ್ದಿವೆ, 2018ರ ಪುಸ್ತಕ. ಇಬ್ಬರ ಬುದ್ಧಿಯೂ ಚುರುಕು, ಆದರೆ ಒಬ್ಬ ಜನರನ್ನು ನಂಬುತ್ತಾನೆ, ಇನ್ನೊಬ್ಬ ಸುಲಭಕ್ಕೆ ನಂಬುವುದಿಲ್ಲ.

ಬೇರೆಯವರದ್ದು ಬೇಕಾದರೆ ಸೇ ಹಾತ್ಸುನೊ ಅವರ ‘ಹಾರುಚಿಕಾ’ ನೋಡಿ. ಸಂಗೀತದ ಕ್ಲಬ್‌ಗೆ ಸದಸ್ಯರನ್ನು ಹುಡುಕುತ್ತಾ ಹೋಗುವ ಇಬ್ಬರು, ದಾರಿಯಲ್ಲಿ ಒಗಟುಗಳು. ಸ್ವಲ್ಪ ಗಲಾಟೆ, ಸ್ವಲ್ಪ ನಗು.

ಕನ್ನಡದಲ್ಲಿ ಇಂಥದ್ದು ಬರಬಹುದಾ?

ಬರಬೇಕು ಅನ್ನುವುದು ನನ್ನ ಆಸೆ. ನಮ್ಮಲ್ಲಿ ಪತ್ತೇದಾರಿ ಅಂದ ಕೂಡಲೇ ಎನ್. ನರಸಿಂಹಯ್ಯ ಅವರು ನೆನಪಾಗುತ್ತಾರೆ. ಕನ್ನಡದಲ್ಲಿ ಎಷ್ಟೋ ಜನರಿಗೆ ಓದುವ ಹುಚ್ಚು ಹಿಡಿಸಿದ್ದೇ ಅವರ ಕಾದಂಬರಿಗಳು. ಆದರೆ ಅಪರಾಧ ಇಲ್ಲದೆಯೂ ಒಗಟು ಕಟ್ಟಬಹುದು. ನಮ್ಮ ಶಾಲೆಗಳಲ್ಲಿ ಸಾಮಗ್ರಿಗೆ ಬರವೇ? ಹಾಜರಿ ಪುಸ್ತಕ ಇದೆ, ವಾರ್ಷಿಕೋತ್ಸವದ ನಾಟಕ ಇದೆ, ಹಾಸ್ಟೆಲ್ ಇದೆ, ಬೆಂಚಿನ ಮೇಲೆ ಕೆತ್ತಿದ ಹೆಸರುಗಳಿವೆ, ಗ್ರೂಪ್ ಫೋಟೊದಲ್ಲಿ ಒಬ್ಬರ ಮುಖ ಮಾತ್ರ ಗೀಚಿದ್ದಿದೆ. ಒಂದೇ ಒಂದು ಮಾತು: ಜಪಾನಿನ ಕ್ಲಬ್ ಕೋಣೆಯನ್ನು ತಂದು ತುಮಕೂರಿನಲ್ಲಿ ಇಡಬೇಡಿ. ನಮ್ಮ ಮಕ್ಕಳು ಸಂಜೆ ಹೊತ್ತು ಎಲ್ಲಿರುತ್ತಾರೋ ಅಲ್ಲಿಂದಲೇ, ಟ್ಯೂಷನ್ನಿನಿಂದ, ಬಸ್ ಸ್ಟ್ಯಾಂಡಿನಿಂದ, ಶುರು ಮಾಡಿ.

ಎಲ್ಲಿಂದ ಶುರು ಮಾಡಲಿ?

ಜಪಾನಿ ಬರದಿದ್ದರೆ ‘ಹ್ಯೋಕಾ’ ಅನಿಮೆ ಸುಲಭದ ಬಾಗಿಲು, ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ. ಕ್ಯೋಟೊ ಅನಿಮೇಶನ್ 2012ರಲ್ಲಿ ಮಾಡಿದ್ದು, 22 ಕಂತು. ನಿರ್ದೇಶಕ ಯಸುಹಿರೊ ತಾಕೆಮೊತೊ. 2019ರ ಜುಲೈನಲ್ಲಿ ಆ ಸ್ಟುಡಿಯೊಗೆ ಬೆಂಕಿ ಹಚ್ಚಿದಾಗ ತೀರಿಕೊಂಡ 36 ಜನರಲ್ಲಿ ಅವರೂ ಒಬ್ಬರು. ಒಬ್ಬ ಹುಡುಗ ಕೂತಲ್ಲೇ ಯೋಚಿಸುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಎಷ್ಟು ಕಷ್ಟ ಅಂತ ಗೊತ್ತಿರುವವರಿಗೆ ಅವರ ಕೆಲಸದ ಬೆಲೆ ತಿಳಿಯುತ್ತದೆ.

ಕ್ರಮವಾಗಿ ನೋಡಿದರೆ ಒಳ್ಳೆಯದು. ಮೊದಲ ಐದು ಕಂತುಗಳಲ್ಲಿ ಮೊದಲ ಪುಸ್ತಕ ಮುಗಿಯುತ್ತದೆ, 12ರಿಂದ 17ರವರೆಗೆ ಶಾಲೆಯ ಹಬ್ಬ. ಅಷ್ಟು ಹೊತ್ತು ಇಲ್ಲ, ಒಂದೇ ಒಂದು ನೋಡಿ ತೀರ್ಮಾನ ಮಾಡುತ್ತೇನೆ ಅನ್ನುವವರು 19ನೇ ಕಂತು ಹಾಕಿ. ಮೈಕಿನ ಪ್ರಕಟಣೆಯ ಕಥೆ ಅದೇ. ಹೆಚ್ಚುಕಡಿಮೆ ಪೂರ್ತಿ ಕಂತು ಒಂದೇ ಕೋಣೆಯಲ್ಲಿ ಇಬ್ಬರ ಮಾತು. ಹಿಂದಿನ ಕಂತುಗಳು ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ. ಅದು ಹಿಡಿಸಿದರೆ ಒಂದನೇ ಕಂತಿಗೆ ಹೋಗಿ.